ಬೂಟ್ ಮೆನು ಕಾಣೆಯಾದಾಗ: ರಿಪೇರಿಗೆ ಮೊದಲು ಪತ್ತೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಈ ಸಭೆಯಲ್ಲೇ ಹಲವರಿದ್ದೀರಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದ ಕಡತಗಳಿಗೆ ವಿಂಡೋಸ್ ಬೇಕಾಗುತ್ತದೆ, ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಅನುಕೂಲವಾಗುತ್ತದೆ, ಎರಡೆರಡು ಯಂತ್ರ ಕೊಳ್ಳುವುದು ಎಲ್ಲರ ಕೈಲಾಗುವ ಮಾತಲ್ಲ. ಹೀಗಾಗಿ ಯಾವುದನ್ನು ತೆರೆಯಬೇಕೆಂದು ಕೇಳುವ ಆ ಪುಟ್ಟ ಪಟ್ಟಿಯನ್ನು ನಾವು ದಿನವೂ ನೋಡುತ್ತೇವೆ. ಒಂದು ದಿನ ಅದು ಬರುವುದಿಲ್ಲ. ಪವರ್ ಗುಂಡಿ ಒತ್ತಿದರೆ ತಯಾರಕರ ಲಾಂಛನ ಕಾಣಿಸಿ, ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ. ಆಗ ಹೆಚ್ಚಿನವರು ಲಿನಕ್ಸ್ ಅಳಿಸಿಹೋಯಿತೆಂದು ತೀರ್ಮಾನಿಸಿ, ಪೆನ್ ಡ್ರೈವ್ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ನಿಜವಾದ ನಷ್ಟವಾಗುವುದು ಆಗಲೇ. ಅಲ್ಲಿಯವರೆಗೆ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇದ್ದ ಪ್ರಾಜೆಕ್ಟು, ಟಿಪ್ಪಣಿ, ಫೋಟೊಗಳೆಲ್ಲ ಆ ಅವಸರದ ಇನ್‌ಸ್ಟಾಲ್‌ಗೆ ಬಲಿಯಾಗುತ್ತವೆ.

ಇವತ್ತು ನಾನು ಒತ್ತಿ ಹೇಳಲು ಬಯಸುವುದು ಇಷ್ಟೇ. ಮೆನು ಬರಲಿಲ್ಲವೆಂದ ಮಾತ್ರಕ್ಕೆ ಸಿಸ್ಟಂ ಹೋಯಿತೆಂದಲ್ಲ. ಪವರ್ ಗುಂಡಿಯಿಂದ ಮೆನುವಿನವರೆಗೆ ಕೆಲವೇ ಹಂತಗಳಿವೆ, ಯಾವ ಹಂತದಲ್ಲಿ ತಪ್ಪಿದೆ ಎಂಬುದನ್ನು ಪರದೆಯೇ ಬಹುಪಾಲು ಹೇಳಿಬಿಡುತ್ತದೆ. ಆ ಹಂತ ಯಾವುದೆಂದು ಖಚಿತವಾಗುವ ತನಕ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಬಾರದು.

ಹಂತಗಳನ್ನು ಮೊದಲು ತಿಳಿದುಕೊಳ್ಳೋಣ. 2012ರಲ್ಲಿ ವಿಂಡೋಸ್ 8 ಬಂದ ನಂತರ ಮಾರಾಟವಾದ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಹಳೆಯ ಬಯೋಸ್‌ನ ಜಾಗದಲ್ಲಿ ಯುಇಎಫ್‌ಐ ಎಂಬ ಫರ್ಮ್‌ವೇರ್, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ, ಇದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಅದು ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಪ್ರತಿಯೊಂದು ನಮೂದಿನಲ್ಲೂ ಒಂದು ಹೆಸರು, ಒಂದು ಪಾರ್ಟಿಷನ್ನಿನ (ಡಿಸ್ಕಿನ ಒಂದು ಭಾಗದ) ಗುರುತು ಮತ್ತು ಅದರೊಳಗಿನ ಒಂದು ಫೈಲಿನ ದಾರಿ ಇರುತ್ತವೆ. ಆ ಪಾರ್ಟಿಷನ್ನನ್ನು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಫ್ಯಾಟ್32 ಮಾದರಿಯ ಸಣ್ಣ ಪಾರ್ಟಿಷನ್ ಆಗಿದ್ದು, ವಿಂಡೋಸ್ ತಾನಾಗಿ ರಚಿಸಿದ್ದಾದರೆ ಎಷ್ಟೋ ಬಾರಿ ಬರೀ 100 ಎಂಬಿ ಇರುತ್ತದೆ. ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್, ಆ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್‌ಗೆ ಒಂದು ಕೋಣೆ, ಉಬುಂಟುಗೆ ಒಂದು ಕೋಣೆ, ಬೂಟ್ ಎಂಬ ಹೆಸರಿನ ಸಾರ್ವಜನಿಕ ಕೋಣೆ ಇನ್ನೊಂದು. ಫರ್ಮ್‌ವೇರ್ ತನ್ನ ಪಟ್ಟಿಯ ಮೊದಲ ನಮೂದನ್ನು ತೆಗೆದು ಅದು ಹೇಳಿದ ಫೈಲನ್ನು ಓಡಿಸುತ್ತದೆ. ಉಬುಂಟುವಿನ ನಮೂದಾದರೆ ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಮೊದಲು ಬರುತ್ತದೆ, ಶಿಮ್ ಗ್ರಬ್ ಎಂಬ ಬೂಟ್‌ಲೋಡರಿಗೆ, ಅಂದರೆ ಸಿಸ್ಟಂ ತೆರೆಯುವ ಪ್ರೋಗ್ರಾಮಿಗೆ, ದಾರಿ ಬಿಡುತ್ತದೆ, ಗ್ರಬ್ ತನ್ನ ಸಂರಚನಾ ಫೈಲನ್ನು ಓದಿ ಮೆನುವನ್ನು ಪರದೆಯ ಮೇಲೆ ಇಡುತ್ತದೆ. ನಾವು ನೋಡುವ ಮೆನು ಈ ಸರಪಳಿಯ ಕೊನೆಯ ಕೊಂಡಿ.

ಈ ಪಟ್ಟಿ ಇರುವುದು ಮದರ್‌ಬೋರ್ಡಿನಲ್ಲಿ, ಡಿಸ್ಕಿನಲ್ಲಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಫರ್ಮ್‌ವೇರ್ ಅಪ್‌ಡೇಟ್ ಆದಾಗ, ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದಾಗ, ಮದರ್‌ಬೋರ್ಡ್ ಬದಲಾದಾಗ ಈ ಪಟ್ಟಿ ಅದಲುಬದಲಾಗಬಹುದು, ಕೆಲವೊಮ್ಮೆ ಪೂರ್ತಿ ಅಳಿಸಿಯೂ ಹೋಗಬಹುದು. ಡಿಸ್ಕಿನಲ್ಲಿರುವ ಲಿನಕ್ಸ್‌ಗೆ ಅದರಿಂದ ಏನೂ ಆಗಿರುವುದಿಲ್ಲ. ಮನೆ ಇದ್ದಲ್ಲೇ ಇದೆ, ಅಂಚೆಯವನ ಕೈಯಲ್ಲಿದ್ದ ವಿಳಾಸದ ಚೀಟಿ ಮಾತ್ರ ಕಳೆದುಹೋಗಿದೆ.

ಹಾಗಾದರೆ ಮೊದಲ ಪರೀಕ್ಷೆ ಯಾವುದು? ಫರ್ಮ್‌ವೇರ್‌ನದೇ ಆದ ಬೂಟ್ ಪಟ್ಟಿಯನ್ನು ತೆರೆದು ನೋಡುವುದು. ಯಂತ್ರ ಚಾಲೂ ಆಗುತ್ತಿದ್ದಂತೆ ಡೆಲ್, ಏಸರ್ ಮತ್ತು ಅನೇಕ ಲೆನೊವೊ ಯಂತ್ರಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಆಸುಸ್ ಬೋರ್ಡಿನ ಡೆಸ್ಕ್‌ಟಾಪ್ ಆದರೆ ಎಫ್8. ಕೆಲವು ಏಸರ್ ಯಂತ್ರಗಳಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಸೆಟಪ್‌ಗೆ ಹೋಗಿ ಅದನ್ನು ಸಕ್ರಿಯಗೊಳಿಸಬೇಕಾಗುತ್ತದೆ. ಫರ್ಮ್‌ವೇರ್‌ನಲ್ಲಿ ಫಾಸ್ಟ್ ಬೂಟ್ ಚಾಲೂ ಇದ್ದರೆ ಕೀಬೋರ್ಡಿನ ಒತ್ತನ್ನು ಯಂತ್ರ ಗಮನಿಸದೇ ಮುಂದೆ ಹೋಗುವುದೂ ಉಂಟು. ಆಗ ಕೀ ಒತ್ತುತ್ತಾ ಕೂರಬೇಕಾಗಿಲ್ಲ. ವಿಂಡೋಸ್‌ನ ಒಳಗೆ ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಆಯ್ಕೆ ಮಾಡಿದರೆ ಒಂದು ನೀಲಿ ಪರದೆ ಬರುತ್ತದೆ. ಅದರಲ್ಲಿ ಯೂಸ್ ಎ ಡಿವೈಸ್ ಎಂಬುದನ್ನು ಆರಿಸಿದರೆ ಅದೇ ಬೂಟ್ ಪಟ್ಟಿ ಅಲ್ಲಿಯೂ ಸಿಗುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದಲ್ಲಿ ಶಟ್‌ಡೌನ್ ಎಂದರೆ ಪೂರ್ಣ ಶಟ್‌ಡೌನ್ ಅಲ್ಲ, ಅರ್ಧ ಹೈಬರ್ನೇಷನ್. ರೀಸ್ಟಾರ್ಟ್ ಮಾತ್ರ ಪೂರ್ಣ ಮರುಚಾಲನೆ. ಆದ್ದರಿಂದ ಬೂಟ್‌ಗೆ ಸಂಬಂಧಿಸಿದ ಯಾವುದೇ ಪರೀಕ್ಷೆಯನ್ನು ರೀಸ್ಟಾರ್ಟ್ ಮೂಲಕವೇ ಮಾಡುವುದು ಒಳ್ಳೆಯದು.

ಈ ಒಂದೇ ಪರೀಕ್ಷೆ ಸಮಸ್ಯೆಯನ್ನು ಸೀಳಿ ಕೊಡುತ್ತದೆ. ಪಟ್ಟಿಯಲ್ಲಿ ಉಬುಂಟು ಹೆಸರಿದ್ದು, ಅದನ್ನು ಆರಿಸಿದಾಗ ಮೆನು ಬಂದರೆ, ಕೆಟ್ಟಿರುವುದು ಸರದಿ ಮಾತ್ರ. ಹೆಸರಿದ್ದೂ ಆರಿಸಿದಾಗ ದೋಷಸಂದೇಶ ಬಂದರೆ ಶಿಮ್ ಅಥವಾ ಗ್ರಬ್‌ನಲ್ಲಿ ತೊಂದರೆ ಇದೆ. ಹೆಸರೇ ಇಲ್ಲವಾದರೆ ನಮೂದು ಹೋಗಿದೆ, ಅಥವಾ ನಮೂದು ತೋರಿಸುತ್ತಿದ್ದ ಫೈಲ್ ಹೋಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ ಒಂದೇ ಮದ್ದು ಕೊಡುವ ಬೂಟ್ ರಿಪೇರ್‌ನಂಥ ಸಾಧನಗಳಿವೆ, ಅವು ಎಷ್ಟೋ ಮಂದಿಗೆ ನೆರವಾಗಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸರದಿ ಬದಲಿಸಿದರೆ ಸಾಕಾಗುವ ಕಡೆ ಗ್ರಬ್ ಅನ್ನೇ ಹೊಸದಾಗಿ ಬರೆಯಿಸುವುದು ಅನಗತ್ಯ. ಕೆಲಸ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಆಮೇಲೆ ಹುಡುಕುವುದೂ ಕಷ್ಟವಾಗುತ್ತದೆ.

ಸರದಿ ಕೆಟ್ಟ ಒಂದು ಉದಾಹರಣೆಯನ್ನು ನೋಡೋಣ. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪ್‌ನ ಬ್ಯಾಟರಿ ಬದಲಿಸಿದವರು ಫರ್ಮ್‌ವೇರ್ ಸೆಟ್ಟಿಂಗ್‌ಗಳನ್ನೂ ಮೂಲಸ್ಥಿತಿಗೆ ತಂದಿದ್ದರು. ಮನೆಗೆ ತಂದು ಚಾಲೂ ಮಾಡಿದರೆ ಮೆನು ಇಲ್ಲ. ಎಫ್12 ಒತ್ತಿ ಉಬುಂಟು ಆರಿಸಿದಾಗ ಮೆನುವೂ ಬಂತು, ಉಬುಂಟುವೂ ತೆರೆಯಿತು. ಟರ್ಮಿನಲ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್ ಕೊಟ್ಟಾಗ ಬಂದ ಸಾಲುಗಳನ್ನು ಒಂದೊಂದಾಗಿ ಓದೋಣ. ಮೊದಲ ಸಾಲಿನಲ್ಲಿ ಬೂಟ್‌ಕರೆಂಟ್ 0003 ಎಂದಿತ್ತು, ಅಂದರೆ ಈಗ ಯಂತ್ರ ಚಾಲೂ ಆಗಿರುವುದು ಮೂರನೇ ಸಂಖ್ಯೆಯ ನಮೂದಿನಿಂದ. ಬೂಟ್‌ಆರ್ಡರ್ ಎಂಬ ಸಾಲಿನಲ್ಲಿ 0000, 0003, 2001 ಎಂದಿತ್ತು. ಕೆಳಗೆ 0000ದ ಎದುರು ವಿಂಡೋಸ್ ಬೂಟ್ ಮ್ಯಾನೇಜರ್, 0003ರ ಎದುರು ಉಬುಂಟು, ಎರಡರ ಪಕ್ಕದಲ್ಲೂ ಒಂದೊಂದು ನಕ್ಷತ್ರ ಚಿಹ್ನೆ. ನಕ್ಷತ್ರವಿದ್ದರೆ ಆ ನಮೂದು ಸಕ್ರಿಯವಾಗಿದೆ ಎಂದರ್ಥ. ಇಷ್ಟರಲ್ಲೇ ಇಡೀ ಕಥೆ ಗೊತ್ತಾಯಿತು: ಉಬುಂಟು ಇದೆ, ಅದರ ನಮೂದು ಇದೆ, ನಮೂದು ಸಕ್ರಿಯವಾಗಿಯೂ ಇದೆ, ಸರದಿಯಲ್ಲಿ ಮಾತ್ರ ಎರಡನೆಯದು. ಅದೇ ಕಮಾಂಡಿಗೆ ಮೈನಸ್ ಚಿಹ್ನೆ ಮತ್ತು ಸಣ್ಣ ಓ ಅಕ್ಷರ ಸೇರಿಸಿ, ಮುಂದೆ 0003,0000,2001 ಎಂದು ಅಲ್ಪವಿರಾಮಗಳಿಂದ ಜೋಡಿಸಿ, ಸುಡೋ, ಅಂದರೆ ನಿರ್ವಾಹಕ, ಅಧಿಕಾರದಲ್ಲಿ ಕೊಟ್ಟರೆ ಕೆಲಸ ಮುಗಿಯಿತು. ಡಿಸ್ಕನ್ನು ಮುಟ್ಟಲೇ ಇಲ್ಲ. ಟರ್ಮಿನಲ್ ಎಂದರೆ ಅಂಜುವವರು ಫರ್ಮ್‌ವೇರ್‌ನ ಸೆಟಪ್‌ಗೆ ಹೋಗಿ ಬೂಟ್ ವಿಭಾಗದಲ್ಲಿ ಉಬುಂಟುವನ್ನು ಮೇಲಕ್ಕೆ ತಂದರೂ ಫಲ ಒಂದೇ. ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳ ನಂತರವೂ ಕೆಲವೊಮ್ಮೆ ಇದೇ ರೀತಿ ಸರದಿ ಬದಲಾಗುತ್ತದೆ, ಅದಕ್ಕೂ ಇದೇ ಪರಿಹಾರ.

ಆದರೆ ಕೆಲವು ಯಂತ್ರಗಳ ಫರ್ಮ್‌ವೇರ್ ಹಟಮಾರಿ. ನೀವು ಎಷ್ಟು ಸಲ ಸರದಿ ಸರಿಮಾಡಿದರೂ ಮುಂದಿನ ಬಾರಿ ಅದು ವಿಂಡೋಸ್ ಬೂಟ್ ಮ್ಯಾನೇಜರನ್ನೇ ಮೇಲೆ ಕೂರಿಸುತ್ತದೆ. ಅಂಥ ಯಂತ್ರಕ್ಕೆ ಎರಡು ಉಪಾಯಗಳಿವೆ. ಒಂದು, ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಬಿಸಿಡಿಎಡಿಟ್ ಎಂಬ ಕಮಾಂಡಿನ ಮೂಲಕ ವಿಂಡೋಸ್ ಬೂಟ್ ಮ್ಯಾನೇಜರ್‌ನ ನಮೂದು ತೋರಿಸುವ ದಾರಿಯನ್ನೇ ಉಬುಂಟುವಿನ ಶಿಮ್ ಫೈಲಿಗೆ ತಿರುಗಿಸುವುದು. ಹೆಸರು ವಿಂಡೋಸ್‌ನದೇ ಉಳಿಯುತ್ತದೆ, ತೆರೆಯುವುದು ಗ್ರಬ್. ಇನ್ನೊಂದು, ನಾನು ಆಗ ಹೇಳಿದ ಬೂಟ್ ಎಂಬ ಸಾರ್ವಜನಿಕ ಕೋಣೆಯನ್ನು ಬಳಸುವುದು. ಪಟ್ಟಿಯಲ್ಲಿ ಏನೂ ಸಿಗದಿದ್ದಾಗ ಫರ್ಮ್‌ವೇರ್ ಆ ಕೋಣೆಯಲ್ಲಿ ಬೂಟ್‌ಎಕ್ಸ್64 ಎಂಬ ಫೈಲನ್ನು ಹುಡುಕಬೇಕೆಂದು ಯುಇಎಫ್‌ಐ ನಿಯಮವೇ ಹೇಳುತ್ತದೆ, ಗ್ರಬ್ ತನ್ನ ಪ್ರತಿಯನ್ನು ಅಲ್ಲಿಯೂ ಇಡಬಲ್ಲದು. ಮೊದಲನೆಯ ಉಪಾಯ ಬೇಗನೆ ಆಗುತ್ತದೆ, ಆದರೆ ಒಂದು ದಿನ ಉಬುಂಟು ತೆಗೆದುಹಾಕಲು ಹೊರಟವರು ಆ ದಾರಿಯನ್ನು ಹಿಂದಿರುಗಿಸಲು ಮರೆತರೆ ಯಂತ್ರ ಎರಡಕ್ಕೂ ಹೋಗದೆ ನಿಲ್ಲುವ ಸಂಭವವಿದೆ. ಬದಲಿಸುವ ಮೊದಲು ಹಳೆಯ ದಾರಿಯನ್ನು ಒಂದು ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್ ಚೀಲದಲ್ಲಿಡಿ.

ಈಗ ಎರಡನೆಯ ಸ್ಥಿತಿಗೆ ಬರೋಣ: ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲ. ಇದಕ್ಕೆ ಲೈವ್ ಪೆನ್ ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್ ಡ್ರೈವ್) ಬೇಕು, ಮತ್ತು ಅದನ್ನು ಯುಇಎಫ್‌ಐ ರೀತಿಯಲ್ಲೇ ಬೂಟ್ ಮಾಡಬೇಕು. ಎಷ್ಟೋ ಯಂತ್ರಗಳ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವ್ ಎರಡು ಬಾರಿ ಕಾಣುತ್ತದೆ, ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಎರಡನೆಯದನ್ನು ಆರಿಸಿದರೆ ಲೈವ್ ಸಿಸ್ಟಂ ಹಳೆಯ ಬಯೋಸ್ ರೀತಿಯಲ್ಲಿ ತೆರೆಯುತ್ತದೆ, ಅಲ್ಲಿಂದ ಫರ್ಮ್‌ವೇರ್‌ನ ಪಟ್ಟಿಯನ್ನು ಓದಲೂ ಆಗದು, ತಿದ್ದಲೂ ಆಗದು. ಡ್ಯುಯಲ್ ಬೂಟ್‌ನ ಅನೇಕ ತಲೆನೋವುಗಳ ಮೂಲ ಇಲ್ಲೇ ಇದೆ. ವಿಂಡೋಸ್ ಯುಇಎಫ್‌ಐ ರೀತಿಯಲ್ಲಿದ್ದು ಲಿನಕ್ಸ್ ಬಯೋಸ್ ರೀತಿಯಲ್ಲಿ ಇನ್‌ಸ್ಟಾಲ್ ಆದರೆ, ಅವೆರಡೂ ಒಂದೇ ಮೆನುವಿನಲ್ಲಿ ಒಟ್ಟಿಗೆ ಬರುವುದಿಲ್ಲ. ಲೈವ್ ಸಿಸ್ಟಂ ಯಾವ ರೀತಿಯಲ್ಲಿ ತೆರೆದಿದೆ ಎಂದು ತಿಳಿಯುವುದು ಸುಲಭ: ಸಿಸ್ ಡೈರೆಕ್ಟರಿಯ ಕೆಳಗಿನ ಫರ್ಮ್‌ವೇರ್ ಡೈರೆಕ್ಟರಿಯಲ್ಲಿ ಇಎಫ್‌ಐ ಎಂಬುದು ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಬಯೋಸ್. ವಿಂಡೋಸ್‌ನಲ್ಲಾದರೆ ಸಿಸ್ಟಂ ಇನ್ಫರ್ಮೇಷನ್ ಎಂಬ ಪರದೆಯಲ್ಲಿ ಬಯೋಸ್ ಮೋಡ್ ಎಂಬ ಸಾಲು ಅದನ್ನು ಹೇಳುತ್ತದೆ.

ಲೈವ್ ಸಿಸ್ಟಂ ತೆರೆದ ಮೇಲೆ ಎಲ್‌ಎಸ್‌ಬಿಎಲ್‌ಕೆ ಕಮಾಂಡಿಗೆ ಮೈನಸ್ ಎಫ್ ಸೇರಿಸಿ ಕೊಟ್ಟರೆ ಎಲ್ಲ ಪಾರ್ಟಿಷನ್‌ಗಳೂ ಅವುಗಳ ಮಾದರಿಯೊಂದಿಗೆ ಸಾಲಾಗಿ ನಿಲ್ಲುತ್ತವೆ. ಎಕ್ಸ್‌ಟ್4 ಎಂದು ತೋರಿಸುವುದು ಸಾಮಾನ್ಯವಾಗಿ ನಿಮ್ಮ ಉಬುಂಟು. ಅದು ಕಣ್ಣಿಗೆ ಬಿದ್ದ ಕ್ಷಣ ಅರ್ಧ ಆತಂಕ ಇಳಿಯಬೇಕು. ಹಾಗೆಯೇ ಅದನ್ನು ತೆರೆದು ಮುಖ್ಯವಾದ ಫೈಲ್‌ಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಒಂದು ವೇಳೆ ಡಿಸ್ಕೇ ಕಾಣದಿದ್ದರೆ ಅದು ಸತ್ತಿದೆ ಎಂದುಕೊಳ್ಳಬೇಡಿ. ಇಂಟೆಲ್ ಪ್ರೊಸೆಸರಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ನಿಯಂತ್ರಣ ಎಎಚ್‌ಸಿಐ ಬದಲು ಆರ್‌ಎಸ್‌ಟಿ ಎಂಬ ರೀತಿಯಲ್ಲಿದ್ದರೆ ಲಿನಕ್ಸ್‌ಗೆ ಡಿಸ್ಕ್ ಕಾಣುವುದಿಲ್ಲ, ಮತ್ತು ಸೆಟ್ಟಿಂಗ್ ಮೂಲಸ್ಥಿತಿಗೆ ಬಂದಾಗ ಇದೂ ಹಿಂದಿನ ರೀತಿಗೆ ತಿರುಗಿರಬಹುದು. ಇದನ್ನು ಬದಲಿಸುವ ಮುನ್ನ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಹೊಂದಿಸಿಕೊಳ್ಳದಿದ್ದರೆ ಈ ಬಾರಿ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು.

ನಂತರ ಇಎಫ್‌ಐ ಪಾರ್ಟಿಷನ್ನನ್ನು ತೆರೆದು ಉಬುಂಟುವಿನ ಕೋಣೆ ಇದೆಯೇ, ಅದರಲ್ಲಿ ಶಿಮ್‌ಎಕ್ಸ್64 ಮತ್ತು ಗ್ರಬ್‌ಎಕ್ಸ್64 ಫೈಲ್‌ಗಳು ಇವೆಯೇ ನೋಡಿ. ಇದ್ದರೆ ಹೋಗಿರುವುದು ನಮೂದು ಮಾತ್ರ. ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿಗೆ ಹೊಸ ನಮೂದು ರಚಿಸುವ ಆಯ್ಕೆಯನ್ನು ಕೊಟ್ಟು, ಡಿಸ್ಕ್ ಯಾವುದು, ಪಾರ್ಟಿಷನ್ ಸಂಖ್ಯೆ ಎಷ್ಟು, ಹೆಸರೇನು, ಫೈಲಿನ ದಾರಿ ಯಾವುದು ಎಂಬ ನಾಲ್ಕನ್ನೂ ಹೇಳಿದರೆ ಒಂದೇ ಸಾಲಿನಲ್ಲಿ ಕೆಲಸ ಆಗುತ್ತದೆ. ಫೈಲಿನ ದಾರಿಯನ್ನು ಬರೆಯುವಾಗ ವಿಂಡೋಸ್‌ನಲ್ಲಿ ಬಳಸುವ ಹಿಂಬಾಗಿದ ಗೆರೆಯನ್ನೇ ಬಳಸಬೇಕು, ಇಡೀ ದಾರಿಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು.

ಕೋಣೆಯೇ ಇಲ್ಲದಿದ್ದರೆ ಮಾತ್ರ ಗ್ರಬ್ಬನ್ನು ಮತ್ತೆ ಸ್ಥಾಪಿಸುವ ಮಾತು. ಉಬುಂಟುವಿನ ಪಾರ್ಟಿಷನ್ನನ್ನು ಎಂಎನ್‌ಟಿ ಡೈರೆಕ್ಟರಿಗೆ ಮೌಂಟ್ ಮಾಡಿ, ಅದರೊಳಗಿನ ಬೂಟ್ ಕೆಳಗಿನ ಇಎಫ್‌ಐ ಜಾಗಕ್ಕೆ ಇಎಫ್‌ಐ ಪಾರ್ಟಿಷನ್ನನ್ನು ಮೌಂಟ್ ಮಾಡಿ, ಲೈವ್ ಸಿಸ್ಟಂನ ಡೆವ್, ಪ್ರಾಕ್, ಸಿಸ್, ರನ್ ಎಂಬ ನಾಲ್ಕು ಡೈರೆಕ್ಟರಿಗಳನ್ನು ಅಲ್ಲಿಗೆ ಜೋಡಿಸಿ, ಸಿಎಚ್‌ರೂಟ್ ಮೂಲಕ ನಿಮ್ಮದೇ ಉಬುಂಟುವಿನ ಒಳಹೊಕ್ಕು, ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ಕಮಾಂಡ್‌ಗಳನ್ನು ಆ ಕ್ರಮದಲ್ಲೇ ಕೊಡಬೇಕು. ಸಿಸ್ ಜೋಡಿಸುವಾಗ ಅದರ ಕೆಳಗಿನ ಇಎಫ್‌ಐವಾರ್ಸ್ ಕೂಡ ಜೊತೆಗೆ ಬಂದಿದೆಯೇ ಎಂದು ನೋಡಿಕೊಳ್ಳಿ. ಅದು ಬಾರದಿದ್ದರೆ ಗ್ರಬ್ ಫೈಲ್‌ಗಳನ್ನೇನೋ ಬರೆಯುತ್ತದೆ, ಆದರೆ ಫರ್ಮ್‌ವೇರ್‌ನ ಪಟ್ಟಿಗೆ ನಮೂದು ಸೇರಿಸಲು ಅದಕ್ಕೆ ಆಗುವುದಿಲ್ಲ. ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ ಬಳಸುವವರಿಗೆ ಬೇರೆ ಮಾತು: ಯುಇಎಫ್‌ಐ ಯಂತ್ರದಲ್ಲಿ ಅಲ್ಲಿ ಗ್ರಬ್2-ಇನ್‌ಸ್ಟಾಲ್ ಬಳಸಬಾರದು, ಡಿಎನ್‌ಎಫ್ ಮೂಲಕ ಶಿಮ್ ಮತ್ತು ಗ್ರಬ್ ಪ್ಯಾಕೇಜುಗಳನ್ನು ಮರುಸ್ಥಾಪಿಸಬೇಕು.

ಮೂರನೆಯದು ಇದಕ್ಕೆ ತಿರುಗುಮುರುಗಾದ ಸ್ಥಿತಿ. ಯಂತ್ರ ನೇರವಾಗಿ ಉಬುಂಟುಗೆ ಹೋಗುತ್ತದೆ, ವಿಂಡೋಸ್ ಕಾಣೆಯಾಗಿದೆ. ಇಲ್ಲಿ ಸರಪಳಿ ಎಲ್ಲಿಯೂ ಕಡಿದಿಲ್ಲ, ಗ್ರಬ್ ಕೆಲಸ ಮಾಡುತ್ತಿದೆ, ಮೆನುವನ್ನು ಮಾತ್ರ ಮರೆಮಾಡಿದೆ. ಬೇರೆ ಸಿಸ್ಟಂ ಯಾವುದೂ ಇಲ್ಲವೆಂದು ಗ್ರಬ್ ಭಾವಿಸಿದರೆ ಉಬುಂಟು ಮೆನು ತೋರಿಸದೇ ಸೊನ್ನೆ ಸೆಕೆಂಡಿನಲ್ಲಿ ಮುಂದೆ ಸಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ವಿಂಡೋಸ್ ಇರುವುದು ಗ್ರಬ್‌ಗೆ ಏಕೆ ತಿಳಿಯಲಿಲ್ಲ ಎಂಬುದು.

ಇದರ ಹಿಂದೆ ಒಂದು ನಿರ್ಧಾರವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇರೆ ಸಿಸ್ಟಂಗಳನ್ನು ಹುಡುಕುವ ಕೆಲಸ ಗ್ರಬ್‌ನದಲ್ಲ, ಓಎಸ್-ಪ್ರೋಬರ್ ಎಂಬ ಇನ್ನೊಂದು ಪ್ರೋಗ್ರಾಮಿನದು. ಅದು ಯಂತ್ರದಲ್ಲಿರುವ ಎಲ್ಲ ಪಾರ್ಟಿಷನ್‌ಗಳನ್ನೂ ರೂಟ್ ಅಧಿಕಾರದಲ್ಲಿ ತೆರೆದು ನೋಡುತ್ತದೆ. ಅಪರಿಚಿತ ಡಿಸ್ಕಿನಲ್ಲಿ ಯಾರಾದರೂ ದುರುದ್ದೇಶದಿಂದ ಏನನ್ನಾದರೂ ಇಟ್ಟಿದ್ದರೆ ಅದೇ ಒಂದು ದಾಳಿಯ ದಾರಿಯಾಗಬಹುದು. ಈ ಭದ್ರತೆಯ ಕಾರಣಕ್ಕೆ 2021ರಲ್ಲಿ ಬಂದ ಗ್ರಬ್ 2.06 ಆವೃತ್ತಿಯಿಂದ ಓಎಸ್-ಪ್ರೋಬರನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಲಾಯಿತು. ನಿರ್ಧಾರ ಸರಿಯಾದದ್ದೇ, ಆದರೆ ಅದರ ಸುದ್ದಿ ಸಾಮಾನ್ಯ ಬಳಕೆದಾರರಿಗೆ ತಲುಪಲಿಲ್ಲ. ಅಪ್‌ಡೇಟ್-ಗ್ರಬ್ ಓಡಿಸಿದಾಗ ಓಎಸ್-ಪ್ರೋಬರನ್ನು ಓಡಿಸಲಾಗುವುದಿಲ್ಲ ಎಂಬ ಒಂದು ಎಚ್ಚರಿಕೆಯ ಸಾಲು ಬರುತ್ತದೆ, ಸರಸರನೆ ಮೇಲೆ ಸರಿದುಹೋಗುವ ಹತ್ತು ಸಾಲುಗಳ ನಡುವೆ ಅದನ್ನು ಓದುವವರು ವಿರಳ. ವರ್ಷಗಳಿಂದ ಸರಿಯಾಗಿದ್ದ ಮೆನುವಿನಿಂದ ಒಂದು ಅಪ್‌ಗ್ರೇಡ್ ಆದ ಬಳಿಕ ವಿಂಡೋಸ್ ಮಾಯವಾದದ್ದಕ್ಕೆ ಕಾರಣ ಆ ಸಾಲಿನಲ್ಲೇ ಇತ್ತು.

ಸರಿಪಡಿಸುವುದು ಕಷ್ಟವಲ್ಲ. ಇಟಿಸಿ ಡೈರೆಕ್ಟರಿಯ ಡಿಫಾಲ್ಟ್ ಕೆಳಗೆ ಗ್ರಬ್ ಎಂಬ ಪಠ್ಯ ಫೈಲ್ ಇದೆ. ಅದರಲ್ಲಿ ಗ್ರಬ್-ಡಿಸೇಬಲ್-ಓಎಸ್-ಪ್ರೋಬರ್ ಎಂಬ ಸಾಲಿಗೆ ಫಾಲ್ಸ್ ಎಂಬ ಬೆಲೆ ಕೊಡಿ. ಪದಗಳ ನಡುವೆ ಅಡ್ಡಗೆರೆಯ ಬದಲು ಕೆಳಗೆರೆ, ಅಕ್ಷರಗಳೆಲ್ಲ ದೊಡ್ಡವು, ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಇರಕೂಡದು, ಫಾಲ್ಸ್ ಮಾತ್ರ ಸಣ್ಣ ಅಕ್ಷರಗಳಲ್ಲಿ. ಅದೇ ಫೈಲಿನಲ್ಲಿ ಟೈಮ್‌ಔಟ್ ಸ್ಟೈಲ್ ಎಂಬುದು ಹಿಡನ್ ಎಂದಿದ್ದರೆ ಮೆನು ಎಂದು ಬದಲಿಸಿ, ಟೈಮ್‌ಔಟ್‌ಗೆ 10 ಸೆಕೆಂಡ್ ಕೊಡಿ. ಬಳಿಕ ಅಪ್‌ಡೇಟ್-ಗ್ರಬ್ ಓಡಿಸಿದಾಗ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಎಂಬ ಅರ್ಥದ ಸಾಲು ಕಾಣಬೇಕು. ಆ ಸಾಲು ಕಾಣುವ ತನಕ ರೀಸ್ಟಾರ್ಟ್ ಮಾಡುವುದರಲ್ಲಿ ಅರ್ಥವಿಲ್ಲ. ತುರ್ತಾಗಿ ಒಮ್ಮೆ ಮೆನು ನೋಡಬೇಕಾದರೆ, ಲಾಂಛನ ಮರೆಯಾದ ಕೂಡಲೇ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್, ಹಳೆಯ ಬಯೋಸ್ ಯಂತ್ರದಲ್ಲಿ ಶಿಫ್ಟ್ ಒತ್ತಬೇಕು. ಎಸ್ಕೇಪ್ ಹೆಚ್ಚು ಸಲ ಒತ್ತಿದರೆ ಗ್ರಬ್‌ನ ಪ್ರಾಂಪ್ಟ್ ತೆರೆಯುತ್ತದೆ, ಅಲ್ಲಿ ನಾರ್ಮಲ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ತಕ್ಷಣ ಒಂದೇ ಸಲ ಎಸ್ಕೇಪ್ ಒತ್ತಿದರೆ ಮೆನು ಬರುತ್ತದೆ.

ನಾಲ್ಕನೆಯದು ಸೆಕ್ಯೂರ್ ಬೂಟ್, ಅಂದರೆ ನಂಬಿಕಸ್ಥ ಸಹಿಯಿರುವ ಬೂಟ್ ಪ್ರೋಗ್ರಾಂಗಳನ್ನು ಮಾತ್ರ ಓಡಲು ಬಿಡುವ ಫರ್ಮ್‌ವೇರ್ ಸೌಲಭ್ಯ. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಜಗತ್ತಿನ ಅನೇಕ ಕಡೆ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಆರಿಸಿದರೆ ಕಪ್ಪು ಪರದೆಯ ಮೇಲೆ ಎಸ್‌ಬ್ಯಾಟ್ ಪರಿಶೀಲನೆ ವಿಫಲವಾಗಿದೆ, ಏನೋ ಗಂಭೀರವಾಗಿ ಕೆಟ್ಟಿದೆ ಎಂಬ ಸಂದೇಶ ಬಂದು ಯಂತ್ರ ಆರಿಹೋಗತೊಡಗಿತು. ಆಗ ನಡೆದದ್ದೇನೆಂದರೆ, ಗ್ರಬ್‌ನಲ್ಲಿ 2022ರಲ್ಲಿ ಗುರುತಿಸಲಾಗಿದ್ದ ಒಂದು ಭದ್ರತಾ ದೋಷವಿರುವ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯಲು ಮೈಕ್ರೋಸಾಫ್ಟ್ ಫರ್ಮ್‌ವೇರ್‌ನಲ್ಲಿ ಎಸ್‌ಬ್ಯಾಟ್ ಎಂಬ ಕನಿಷ್ಠ ಆವೃತ್ತಿಯ ನಿಯಮವನ್ನು ಬರೆಯಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಹೇಳಲಾಗಿತ್ತಾದರೂ ಕೆಲವು ಬಗೆಯ ಡ್ಯುಯಲ್ ಬೂಟ್ ಜೋಡಣೆಯನ್ನು ಆ ಅಪ್‌ಡೇಟ್ ಗುರುತಿಸಲಿಲ್ಲ. ಈ ಸಂದೇಶ ಕಂಡರೆ ಗ್ರಬ್ಬನ್ನು ರಿಪೇರಿ ಮಾಡಲು ಹೋಗಬೇಡಿ, ಅದು ಕೆಟ್ಟಿಲ್ಲ, ಹಳೆಯದಾಗಿದೆ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಉಬುಂಟು ತೆರೆದು, ಮೋಕ್‌ಯುಟಿಲ್ ಕಮಾಂಡಿನಿಂದ ಎಸ್‌ಬ್ಯಾಟ್ ನಿಯಮವನ್ನು ಅಳಿಸಿ, ಮತ್ತೊಮ್ಮೆ ಉಬುಂಟುವನ್ನೇ ಬೂಟ್ ಮಾಡಿ, ಎಲ್ಲ ಪ್ಯಾಕೇಜುಗಳನ್ನೂ ಅಪ್‌ಡೇಟ್ ಮಾಡಿ, ಆನಂತರ ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಿ. ಹಳೆಯ ಐಎಸ್‌ಒ ಇಟ್ಟು ಮಾಡಿದ ಪೆನ್ ಡ್ರೈವ್ ಕೂಡ ಇದೇ ಕಾರಣಕ್ಕೆ ಬೂಟ್ ಆಗದಿರಬಹುದು, ಆದ್ದರಿಂದ ಕೈಯಲ್ಲಿರುವ ಲೈವ್ ಪೆನ್ ಡ್ರೈವನ್ನು ಆಗಾಗ ಹೊಸದು ಮಾಡಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯನ್ನು ನಾನು ಎರಡು ಬಾರಿ ಹೇಳಲು ಸಿದ್ಧನಿದ್ದೇನೆ. ಸೆಕ್ಯೂರ್ ಬೂಟನ್ನು ಮುಟ್ಟುವ ಮೊದಲು ವಿಂಡೋಸ್‌ನ ಡಿಸ್ಕ್ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿದೆಯೇ ಎಂದು ನೋಡಿ. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಎಷ್ಟೋ ಜನರಿಗೆ ತಿಳಿಯದೆಯೇ ಅದು ಚಾಲೂ ಆಗಿರುತ್ತದೆ. ಸೆಕ್ಯೂರ್ ಬೂಟ್ ಸ್ಥಿತಿ ಬದಲಾದುದನ್ನು ಕಂಡ ಬಿಟ್‌ಲಾಕರ್ ಮುಂದಿನ ಬಾರಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಆ ಡಿಸ್ಕಿನಲ್ಲಿರುವುದು ಯಾವ ತಂತ್ರಜ್ಞನಿಗೂ ಸಿಗುವುದಿಲ್ಲ. ಕೀಯನ್ನು ಮೊದಲು ಕಾಗದಕ್ಕೆ ಇಳಿಸಿ, ಆಮೇಲೆ ಫರ್ಮ್‌ವೇರ್‌ಗೆ ಕೈಹಾಕಿ.

ಐದನೆಯದು ಗ್ರಬ್‌ನ ಪ್ರಾಂಪ್ಟ್ ಬಂದು ನಿಲ್ಲುವುದು. ಕಪ್ಪು ಪರದೆ, ಮೇಲೆ ಗ್ರಬ್‌ನ ಹೆಸರು ಮತ್ತು ಆವೃತ್ತಿ, ಕೆಳಗೆ ಮಿನುಗುವ ಕರ್ಸರ್. ಗ್ರಬ್ ಓಡುತ್ತಿದೆ, ಆದರೆ ಅದಕ್ಕೆ ತನ್ನ ಸಂರಚನಾ ಫೈಲ್ ಸಿಕ್ಕಿಲ್ಲ ಎಂಬುದೇ ಇದರ ಅರ್ಥ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಾಗ ಮಾಡಿಕೊಳ್ಳಲು ಹೋಗಿ ಹೆಸರಿಲ್ಲದ ಪಾರ್ಟಿಷನ್ ಒಂದನ್ನು ಅಳಿಸಿದವರಿಗೆ ಈ ಪರದೆ ಎದುರಾಗುವುದು ಸಾಮಾನ್ಯ, ಆ ಹೆಸರಿಲ್ಲದ ಪಾರ್ಟಿಷನ್ನೇ ಲಿನಕ್ಸ್ ಆಗಿರುತ್ತದೆ. ಎಲ್‌ಎಸ್ ಎಂದು ಟೈಪ್ ಮಾಡಿದರೆ ಗ್ರಬ್‌ಗೆ ಕಾಣುವ ಪಾರ್ಟಿಷನ್‌ಗಳು ಆವರಣಗಳಲ್ಲಿ ಬರುತ್ತವೆ. ಒಂದೊಂದರ ಒಳಗೂ ಇಣುಕಿ ಬೂಟ್ ಕೆಳಗಿನ ಗ್ರಬ್ ಡೈರೆಕ್ಟರಿ ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಕಾನ್ಫಿಗ್‌ಫೈಲ್ ಎಂಬ ಕಮಾಂಡಿಗೆ ಅಲ್ಲಿರುವ ಸಂರಚನಾ ಫೈಲಿನ ದಾರಿಯನ್ನು ಕೊಟ್ಟರೆ ಮೆನು ಅಲ್ಲೇ ಎದ್ದು ಬರುತ್ತದೆ, ಲಿನಕ್ಸ್ ತೆರೆದ ಮೇಲೆ ಗ್ರಬ್ಬನ್ನು ಸರಿಯಾಗಿ ಮರುಸ್ಥಾಪಿಸಬಹುದು. ಎಲ್ಲಿಯೂ ಸಿಗದಿದ್ದರೆ ಪಾರ್ಟಿಷನ್ ನಿಜವಾಗಿಯೂ ಅಳಿಸಿದೆ. ಆಗಲೂ ಆ ಖಾಲಿ ಜಾಗಕ್ಕೆ ಏನನ್ನೂ ಬರೆಯದೇ ಇದ್ದರೆ ಟೆಸ್ಟ್‌ಡಿಸ್ಕ್‌ನಂಥ ಸಾಧನದಿಂದ ಮರಳಿ ಪಡೆಯುವ ಅವಕಾಶವಿದೆ.

ಹಳೆಯ ಲ್ಯಾಬ್ ಡೆಸ್ಕ್‌ಟಾಪ್‌ಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಅಂಥವು ಇನ್ನೂ ಅನೇಕ ಕಡೆ ಓಡುತ್ತಿವೆ. ಬಯೋಸ್ ಯಂತ್ರದಲ್ಲಿ ಡಿಸ್ಕಿನ ಮೊದಲ 512 ಬೈಟುಗಳೇ ಎಲ್ಲವೂ: 446 ಬೈಟು ಬೂಟ್ ಸಂಕೇತಕ್ಕೆ, 64 ಬೈಟು ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟು ಗುರುತಿಗೆ. ಆ 446 ಬೈಟಿನ ಜಾಗದಲ್ಲಿ ಎರಡು ಸಿಸ್ಟಂಗಳ ಸಂಕೇತಕ್ಕೆ ಸ್ಥಳವಿಲ್ಲ, ಕೊನೆಗೆ ಬರೆದವರದೇ ರಾಜ್ಯ. ವಿಂಡೋಸ್ ಮರುಸ್ಥಾಪಿಸಿದರೆ ಗ್ರಬ್ ಹೋಗುವುದು ಇದರಿಂದಲೇ. ಲೈವ್ ಸಿಸ್ಟಂನಿಂದ ಗ್ರಬ್-ಇನ್‌ಸ್ಟಾಲ್ ಕೊಡುವಾಗ ಎಸ್‌ಡಿಎ ಎಂಬ ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು, ಎಸ್‌ಡಿಎ1 ಎಂಬ ಪಾರ್ಟಿಷನ್ನಿನ ಹೆಸರನ್ನಲ್ಲ. ಇಂಥ ಲ್ಯಾಬ್‌ಗಳಲ್ಲಿ ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬ ಕ್ರಮ ಇಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಎಲ್ಲ ಸರಿಯಾಗಿರುವ ದಿನವೇ ಮಾಡಿಟ್ಟುಕೊಳ್ಳಬಹುದಾದ ಒಂದು ಕೆಲಸವಿದೆ. ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿಗೆ ಮೈನಸ್ ವಿ ಸೇರಿಸಿ ಕೊಟ್ಟು ಬರುವ ಪೂರ್ಣ ವಿವರವನ್ನೂ, ಎಲ್‌ಎಸ್‌ಬಿಎಲ್‌ಕೆ ತೋರಿಸುವ ಪಟ್ಟಿಯನ್ನೂ ಒಂದು ಪಠ್ಯ ಫೈಲಿನಲ್ಲಿ ಉಳಿಸಿ, ಇಎಫ್‌ಐ ಪಾರ್ಟಿಷನ್ನಿನ ಎಲ್ಲ ಫೋಲ್ಡರ್‌ಗಳ ಪ್ರತಿಯೊಂದಿಗೆ ಬೇರೊಂದು ಪೆನ್ ಡ್ರೈವ್‌ನಲ್ಲಿಡಿ. ಇದು ಕೆಲವೇ ನಿಮಿಷಗಳ ಕೆಲಸ. ಮುಂದೊಂದು ದಿನ ನಿಮ್ಮ ಯಂತ್ರವನ್ನು ಬೇರೆಯವರು ನೋಡಬೇಕಾಗಿ ಬಂದಾಗ, ಮೊದಲು ಹೇಗಿತ್ತು ಎಂಬುದಕ್ಕೆ ಅವರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು.

ಎರಡು ಸಿಸ್ಟಂಗಳಿಗೆ ಎರಡು ಬೇರೆ ಬೇರೆ ಎಸ್‌ಎಸ್‌ಡಿ ಹಾಕಿಸಿದರೆ ಈ ತೊಂದರೆ ತಪ್ಪುತ್ತದೆಯೇ ಎಂದು ಇಲ್ಲಿ ಒಬ್ಬರು ಕೇಳಿದರು. ಬಹುಮಟ್ಟಿಗೆ ತಪ್ಪುತ್ತದೆ, ಎರಡೂ ಡಿಸ್ಕುಗಳಲ್ಲಿ ಅವುಗಳದೇ ಇಎಫ್‌ಐ ಪಾರ್ಟಿಷನ್ ಇದ್ದರೆ ಮಾತ್ರ. ಉಬುಂಟುವಿನ ಹಳೆಯ ಇನ್‌ಸ್ಟಾಲರ್, ನೀವು ಎರಡನೆಯ ಡಿಸ್ಕನ್ನು ಆರಿಸಿದರೂ ತನ್ನ ಬೂಟ್ ಫೈಲ್‌ಗಳನ್ನು ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲೇ ಇಡುತ್ತಿತ್ತು. ಹಾಗೆ ಆದರೆ ವಿಂಡೋಸ್‌ನ ಡಿಸ್ಕ್ ತೆಗೆದ ದಿನ ಉಬುಂಟುವೂ ಬೂಟ್ ಆಗುವುದಿಲ್ಲ. ಆದ್ದರಿಂದ ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಇರುವ ಡಿಸ್ಕಿನ ಕೇಬಲ್ ಕಳಚಿಡಿ, ಅಥವಾ ಫರ್ಮ್‌ವೇರ್‌ನಲ್ಲಿ ಅದನ್ನು ಆ ಹೊತ್ತಿಗೆ ನಿಷ್ಕ್ರಿಯಗೊಳಿಸಿ. ಇನ್‌ಸ್ಟಾಲ್ ಮುಗಿದು ಉಬುಂಟು ಒಮ್ಮೆ ತಾನಾಗಿಯೇ ಬೂಟ್ ಆದ ಮೇಲೆ ಅದನ್ನು ಮತ್ತೆ ಜೋಡಿಸಿ, ಅಪ್‌ಡೇಟ್-ಗ್ರಬ್ ಓಡಿಸಿ.